ಬಿಡಿಭಾಗ ಬದಲಾದರೂ ಅದೇ ಬಸ್ಸೇ?

ಮುಂಬೈಯ ರಸ್ತೆಗಳಿಗೆ 1937ರಲ್ಲಿ ಬಂದ ಬೆಸ್ಟ್ ಸಾರಿಗೆ ಸಂಸ್ಥೆಯ ಡಬಲ್ ಡೆಕ್ಕರ್‌ಗಳ ಸಾಲಿನಲ್ಲಿ ನಿತ್ಯ ಸೇವೆಯ ಕೊನೆಯ ಡೀಸೆಲ್ ಬಸ್ಸು 2023ರ ಸೆಪ್ಟೆಂಬರ್ 15ರಂದು ನಿವೃತ್ತವಾಯಿತು. ಇಂಥ ಬಸ್ಸನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು? ಇಂಥದೇ ಪ್ರಶ್ನೆಯನ್ನು ಬೌದ್ಧರ 'ಮಿಲಿಂದಪಞ್ಹ' ಗ್ರಂಥ ರಥವನ್ನು ಮುಂದಿಟ್ಟು ಎತ್ತುತ್ತದೆ. ಅಚ್ಚು ರಥವಲ್ಲ, ಗಾಲಿಯೂ ರಥವಲ್ಲ. ಎಲ್ಲವೂ ಕೂಡಿದಾಗ ಮಾತ್ರ ರಥವೆಂಬ ವ್ಯವಹಾರ. ಬಸ್ಸಿನ ವಿಷಯದಲ್ಲಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ: ಭಾಗಗಳು ಕೂಡಿದರೆ ಸಾಲದು, ಅದು ಜನರನ್ನು ಹೊತ್ತು ಸಾಗಬೇಕು.

ಭಾಗಗಳನ್ನು ಬದಲಿಸಿ ಓಡಿಸಿದರೆ ಮೂಲ ಬಸ್ಸು ಉಳಿಯುವುದಿಲ್ಲ ಎಂಬ ಆಕ್ಷೇಪವಿದೆ. ಆದರೆ ದುಡಿಯುವ ಕಾಲದಲ್ಲೇ ಡಿಪೋದಲ್ಲಿ ಟಯರು, ಬ್ರೇಕ್ ಲೈನರ್, ಕ್ಲಚ್ ಪ್ಲೇಟು ಬದಲಾಗುತ್ತಲೇ ಇದ್ದವು; ಆಗ ಯಾರೂ ಅದನ್ನು ಬೇರೆ ಬಸ್ಸು ಎನ್ನಲಿಲ್ಲ. ಹಳೆಯ ಡೀಸೆಲ್ ಹೊಗೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಲಾರಿಗಳ ಹೊಗೆ, ಧೂಳು ನುಂಗುವ, ಮುಂಬೈ ಬಳಿಯ ಮುಂಬ್ರಾದಂಥ ಊರಿಗೆ ಇನ್ನಷ್ಟು ಹೊಗೆ ಹೊರಿಸುವುದು ಅನ್ಯಾಯ. ಹಾಗಾಗಿ ನಿತ್ಯದ ಸೇವೆ ವಿದ್ಯುತ್ ಬಸ್ಸುಗಳಿಗೇ ಇರಲಿ. ಹಳೆಯದು ವರ್ಷದಲ್ಲಿ ಕೆಲವೇ ದಿನ ಓಡಲಿ.

ಬಸ್ಸನ್ನು ಗಾಜಿನ ಹಿಂದೆ ನಿಲ್ಲಿಸಿದರೆ ತಗಡು ಉಳಿಯುತ್ತದೆ. ಅದನ್ನು ರಿಪೇರಿ ಮಾಡುವ ಕೈಗಳ ಅರಿವು ಅಳಿಯುತ್ತದೆ. ಬೌದ್ಧರು ಹೇಳುವ ಅನಿತ್ಯವನ್ನು ಒಪ್ಪಿಕೊಂಡವರಿಗೆ ಸಂರಕ್ಷಣೆ ಮೋಹವಲ್ಲ, ಕರ್ತವ್ಯ. ಸಾರಿಗೆ ಸಂಸ್ಥೆಗಳು ಹಳೆಯ ಬಸ್ಸಿನ ಜೊತೆಗೆ ಹಳೆಯ ಮೆಕ್ಯಾನಿಕ್‌ಗಳ ವಿದ್ಯೆಯನ್ನೂ ಉಳಿಸಿಕೊಳ್ಳಲಿ.