ಜಲಚರಗಳ ಮೇಲಿನ ದಯೆ ಹಾಗೂ ಶ್ರಾವಕಧರ್ಮ

॥ ಶ್ರೀ ವೀತರಾಗಾಯ ನಮಃ ॥



ಪಂಚಕಲ್ಯಾಣ ಮಹೋತ್ಸವದಲ್ಲಿ ಗರ್ಭಕಲ್ಯಾಣದ ದಿನ ಜಿನಮಾತೆಯು ಕಂಡ ಹದಿನಾರು ಶುಭಸ್ವಪ್ನಗಳನ್ನು ವಿವರಿಸುವ ಸಂಪ್ರದಾಯವುಂಟು. ಆ ಸ್ವಪ್ನಗಳಲ್ಲಿ ಗಜ, ವೃಷಭ, ಸಿಂಹಗಳೊಡನೆ ನೀರಿನಲ್ಲಿ ಆಡುವ ಮೀನುಗಳ ಜೋಡಿಯೂ, ಕಮಲಗಳಿಂದ ತುಂಬಿದ ಸರೋವರವೂ ಇವೆ. ತ್ರಿಲೋಕಗುರುವಿನ ಆಗಮನವನ್ನು ಸಾರಲು ನಿರ್ಮಲವಾದ ನೀರೂ ಅದರಲ್ಲಿ ಸುಖವಾಗಿರುವ ಮೀನೂ ತಕ್ಕ ಚಿಹ್ನೆಗಳೆಂದು ಪೂರ್ವಾಚಾರ್ಯರು ತಿಳಿದಿದ್ದರು.

ಆದರೆ ಪಂಚಗಂಗೆಯ ದಡದಲ್ಲಿ ಬೇಸಿಗೆಯಲ್ಲಿ ಕಾಣುವ ದೃಶ್ಯವೇ ಬೇರೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ನದಿಗಳು ಕೂಡಿ, ಗುಪ್ತಗಾಮಿನಿ ಸರಸ್ವತಿಯನ್ನೂ ಸೇರಿಸಿ ಪಂಚಗಂಗೆ ಎಂಬ ಹೆಸರು ಬಂದಿತು. ಕೊಲ್ಲಾಪುರವನ್ನು ದಾಟಿ, ಇಚಲಕರಂಜಿಯ ಪಕ್ಕದಲ್ಲಿ ಹರಿದು, ನರಸೋಬವಾಡಿಯಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ಈ ದಾರಿಯಲ್ಲಿ ನಗರದ ಕೊಳಚೆ, ಕಾರ್ಖಾನೆಗಳ ಮಲಿನಜಲ, ಬಣ್ಣದ ಘಟಕಗಳ ನೀರು ಮತ್ತು ಕಬ್ಬಿನ ಹೊಲಗಳಿಂದ ಬಸಿದ ಗೊಬ್ಬರ ಇವೆಲ್ಲವೂ ನದಿಯ ಪಾಲಾಗುತ್ತವೆ. ಶಿರೋಳ ತಾಲೂಕಿನ ತೇರವಾಡ ಬಂಧಾರದ ಬಳಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದ ವಾರ್ತೆಯನ್ನು ಈ ಭಾಗದ ಜನರು ಒಂದಲ್ಲ, ಅನೇಕ ಬೇಸಿಗೆಗಳಲ್ಲಿ ಓದಿದ್ದಾರೆ. ನದಿಯ ಮಾಲಿನ್ಯದ ವಿಷಯ ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. 2012ರಲ್ಲಿ ಇಚಲಕರಂಜಿಯಲ್ಲಿ ಕುಡಿಯುವ ನೀರು ಕೆಟ್ಟು ಕಾಮಾಲೆ ಹರಡಿ ಸಹಸ್ರಾರು ಜನ ಹಾಸಿಗೆ ಹಿಡಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ನೀರಿನ ದುಃಖವು ಮೀನಿಗೆ ಮೊದಲು ತಟ್ಟುತ್ತದೆ, ಮನುಷ್ಯನಿಗೆ ಆಮೇಲೆ.

ಮೀನು ಸಾಯುವ ಬಗೆಯನ್ನು ತಿಳಿಯುವುದು ಅವಶ್ಯ. ಹೊಲಕ್ಕೆ ಹಾಕಿದ ಯೂರಿಯಾ ಮತ್ತು ರಂಜಕದ ಗೊಬ್ಬರವೆಲ್ಲವನ್ನೂ ಬೆಳೆ ಉಣ್ಣುವುದಿಲ್ಲ. ಮಿಕ್ಕದ್ದು ನೀರಿನೊಡನೆ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಅಥವಾ ನದಿಗೆ ಇಳಿಯುತ್ತದೆ. ಅಲ್ಲಿ ಅದನ್ನುಂಡು ಪಾಚಿ ಕೊಬ್ಬುತ್ತದೆ. ಕೊಲ್ಲಾಪುರದ ರಂಕಾಳ ಕೆರೆಯ ಮೇಲೆ ಕೊಳಚೆಯಿಂದ ಹಬ್ಬಿದ ಹಸಿರು ಪದರವನ್ನು ನೋಡದವರು ವಿರಳ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಮೀನುಗಳ ಬಾಳುವೆಗೆ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಪ್ರಾಣವಾಯು ಇರಬೇಕೆಂಬುದು ಸರಕಾರದ ಮಾನದಂಡ. ಅದು ಕುಸಿದಾಗ ಮೀನು ಮೇಲೆ ಬಂದು ಬಾಯಿ ತೆರೆದು ತಳಮಳಿಸಿ ಸಾಯುತ್ತದೆ. ಬೇಸಿಗೆಯಲ್ಲಿ ಬಂಧಾರಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸಿದಾಗ ಹೊಲಸು ಹರಿದುಹೋಗದೆ ಅಲ್ಲಿಯೇ ಕೂಡಿಬೀಳುವುದರಿಂದ ಈ ಸಂಕಟವು ಇಮ್ಮಡಿಯಾಗುತ್ತದೆ.

ಇದರ ಮೇಲೆ ಮತ್ತೊಂದು ಆಘಾತ. ಮಳೆಗಾಲದ ಆರಂಭದಲ್ಲಿ ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಏರುವ ಮೀನನ್ನೂ, ಬೆಳೆಯದ ಮರಿಗಳನ್ನೂ ಸಣ್ಣ ಕಣ್ಣಿನ ಬಲೆಯಿಂದ ಬಾಚಿಬಿಟ್ಟರೆ, ವಿಷದಿಂದ ಉಳಿದ ಸಂತತಿಯೂ ಕರಗುತ್ತದೆ. ಮೀನಿನಿಂದಲೇ ಬದುಕುವ ಬಡ ಕುಟುಂಬಗಳ ಅನ್ನವೂ ಅದರೊಡನೆ ಹೋಗುತ್ತದೆ.

ಇಲ್ಲಿ ಶ್ರಾವಕನು ನಿಂತು ವಿಚಾರಿಸಬೇಕು. ಬಲೆ ಹಿಡಿದವನನ್ನು ಹಿಂಸಕನೆಂದು ಹೇಳುವುದು ಸುಲಭ. ಜೈನರ ಮನೆಯಲ್ಲಿ ಮೀನು ಬೇಯುವುದಿಲ್ಲ, ಸೂರ್ಯಾಸ್ತದ ಬಳಿಕ ಒಲೆ ಹೊತ್ತುವುದಿಲ್ಲ, ನೀರನ್ನು ಸೋಸದೆ ಕುಡಿಯುವುದಿಲ್ಲ. ಆದರೆ ಆ ಮನೆಯ ಹೊಲದ ಕಾಲುವೆಯಿಂದ, ಆ ಮನೆಯ ಕಾರ್ಖಾನೆಯ ಕೊಳವೆಯಿಂದ ಹೊರಟ ನೀರು ಒಂದೇ ರಾತ್ರಿಯಲ್ಲಿ ಕೊಲ್ಲುವಷ್ಟು ಮೀನನ್ನು ಬಲೆಯವನು ಒಂದು ವರ್ಷದಲ್ಲಿಯೂ ಕೊಲ್ಲಲಾರ. ಪ್ರಮಾದದಿಂದ ಪ್ರಾಣಗಳಿಗೆ ಘಾತವುಂಟುಮಾಡುವುದೇ ಹಿಂಸೆಯೆಂದು ಆಚಾರ್ಯ ಉಮಾಸ್ವಾಮಿಗಳು ತಿಳಿಸಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಇವು ಮೂರೂ ಕರ್ಮಾಸ್ರವಕ್ಕೆ ಕಾರಣವೆಂಬುದನ್ನು ಪಾಠಶಾಲೆಯ ಬಾಲಕನೂ ಬಲ್ಲನು.

ಕೃಷಿ, ಉದ್ಯೋಗಗಳಲ್ಲಿ ಆಗುವ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಲ್ಲವೇ ಎಂದು ಕೆಲವರು ಕೇಳಬಹುದು. ಅನಿವಾರ್ಯವಾದದ್ದು ಬೇರೆ, ಅಲಕ್ಷ್ಯದಿಂದ ಆದದ್ದು ಬೇರೆ. ನೆಲವನ್ನು ಉಳದೆ ಬೆಳೆಯಿಲ್ಲ, ಅದು ನಿಜ. ಆದರೆ ಮಣ್ಣು ಬೇಡದ ಗೊಬ್ಬರವನ್ನು ನೆರೆಯವನು ಹಾಕಿದನೆಂದು ತಾನೂ ಸುರಿಯುವುದು, ಶುದ್ಧೀಕರಣ ಘಟಕವಿದ್ದರೂ ವಿದ್ಯುತ್ ಖರ್ಚು ಉಳಿಸಲು ಅದನ್ನು ನಿಲ್ಲಿಸಿ ಕತ್ತಲೆಯಲ್ಲಿ ನೀರು ಬಿಡುವುದು ಅನಿವಾರ್ಯವಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಂತಹ ನಿಷ್ಪ್ರಯೋಜಕ ಘಾತವನ್ನು ಪ್ರಮಾದಚರ್ಯೆ ಎಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಇದರಲ್ಲಿ ಲಾಭವೂ ಇಲ್ಲ. ಹರಿದುಹೋದ ಗೊಬ್ಬರ ರೈತನ ಹಣವೇ ಆಗಿದೆ. ಅತಿಯಾದ ನೀರು, ಗೊಬ್ಬರಗಳಿಂದ ಶಿರೋಳ ಭಾಗದಲ್ಲಿ ಎಷ್ಟು ಫಲವತ್ತಾದ ಭೂಮಿ ಸವಳು ಹಿಡಿದಿದೆಯೆಂಬುದನ್ನು ಎಲ್ಲರೂ ಕಂಡಿದ್ದಾರೆ.

ಮೃಗಸೇನನೆಂಬ ಧೀವರನ ಕಥೆ ಪುರಾಣಪ್ರಸಿದ್ಧ. ಮೀನು ಹಿಡಿಯುವುದೇ ಅವನ ವೃತ್ತಿ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವುದಾಗಿ ಮುನಿಗಳ ಬಳಿ ಅವನು ನಿಯಮ ಪಡೆದನು. ಅಂದು ಬಿದ್ದ ಮೀನಿಗೆ ಗುರುತಿಗಾಗಿ ಬಟ್ಟೆಯ ಚೂರು ಕಟ್ಟಿ ಬಿಟ್ಟನು. ಅದೇ ಮೀನು ಐದು ಸಲ ಬಿತ್ತು. ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಬಂದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ; ಹೊರಗೆ ಮಲಗಿ ಸರ್ಪದಂಶದಿಂದ ಸತ್ತನು. ಆ ಪುಣ್ಯದಿಂದ ಮುಂದಿನ ಜನ್ಮದಲ್ಲಿ ಐದು ಸಲ ಮೃತ್ಯುಮುಖದಿಂದ ಪಾರಾದನು. ಹಸಿದ ಧೀವರನು ಒಂದು ಮೀನಿಗಾಗಿ ಇಷ್ಟು ನಷ್ಟ ಸಹಿಸಿದನು. ಉಂಡು ತೃಪ್ತನಾದ ಶ್ರಾವಕನು ಎಷ್ಟು ಸಹಿಸಬಲ್ಲನು?

ನೀರು ಸೋಸುವ ವಿಧಿಯ ಮರ್ಮವೂ ಇದೇ. ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಮೂಲಕ್ಕೆ ಮೆಲ್ಲನೆ ಮರಳಿಸಬೇಕೆಂದು ಹಿರಿಯರು ಕಲಿಸಿದರು. ಕುಡಿಯುವವನ ಆರೋಗ್ಯ ಮಾತ್ರ ಗುರಿಯಾಗಿದ್ದರೆ ಈ ಎರಡನೆಯ ಕೆಲಸ ಬೇಕಿರಲಿಲ್ಲ. ಮರಳಿಸಲು ನಿರ್ಮಲವಾದ ಜಲಮೂಲವೇ ಉಳಿಯದಿದ್ದರೆ ವಿಧಿಯ ಅರ್ಧಭಾಗವೇ ನಷ್ಟವಾದಂತೆ.

ಈ ದೃಷ್ಟಿಯಿಂದ ಸಮಾಜಬಾಂಧವರು ಕೆಲವು ನಿಯಮಗಳನ್ನು ಸ್ವೀಕರಿಸುವುದು ಉಚಿತ. ಒಂದು, ಮಣ್ಣಿನ ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು. ಹನಿ ನೀರಾವರಿಗೆ ತಿರುಗುವುದು. ಎರಡು, ಔಷಧ ಸಿಂಪಡಿಸಿದ ಪಂಪು, ಡಬ್ಬಿಗಳನ್ನು ಹಳ್ಳ ಕೆರೆಗಳಲ್ಲಿ ತೊಳೆಯದಿರುವುದು. ಮೂರು, ಉದ್ಯೋಗಸ್ಥರು ಶುದ್ಧೀಕರಣದ ವೆಚ್ಚವನ್ನು ಧರ್ಮದ ಖಾತೆಗೆ ಸೇರಿದ ವೆಚ್ಚವೆಂದೇ ತಿಳಿಯುವುದು. ನಾಲ್ಕು, ಪೂಜೆಯ ನಿರ್ಮಾಲ್ಯವನ್ನು ನದಿಗೆ ಹಾಕದೆ ಗೊಬ್ಬರದ ಗುಂಡಿಗೆ ಹಾಕುವುದು.

ನದಿಗೆ ಭಾಷೆಯ ಗಡಿಯಿಲ್ಲ. ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಪಂಚಗಂಗೆಯ ನೀರು ಕೃಷ್ಣೆಯೊಡನೆ ಕರ್ನಾಟಕಕ್ಕೆ ಹರಿಯುತ್ತದೆ. ಕನ್ನಡ, ಮರಾಠಿ, ಗುಜರಾತಿ, ಮಾರವಾಡಿ ಯಾವ ಮನೆಯವರೇ ಆಗಲಿ, ಮೇಲಿನ ಊರಿನವರು ಬಿಟ್ಟದ್ದನ್ನೇ ಕೆಳಗಿನ ಊರಿನ ಸಾಧರ್ಮಿಗಳು ಸೋಸಿ ಕುಡಿಯುತ್ತಾರೆ. ವೇದಗಂಗೆ, ದೂಧಗಂಗೆಗಳ ಸಂಗಮದ ಭೋಜ ಗ್ರಾಮದ ಪುತ್ರರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಗೃಹಸ್ಥಾಶ್ರಮದಲ್ಲಿ ಹೊಲಕ್ಕೆ ಬಂದ ಪಕ್ಷಿಗಳನ್ನು ಓಡಿಸದೆ, ಅವುಗಳಿಗೆ ನೀರನ್ನೂ ಇಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅಂತಹವರ ನಾಡು ಇದು.

ದಶಲಕ್ಷಣ ಪರ್ವವು ಭಾದ್ರಪದದಲ್ಲಿ ಬರುತ್ತದೆ. ಆಗ ನದಿ ತುಂಬಿ ಹರಿಯುವುದರಿಂದ ಬೇಸಿಗೆಯ ಅಪರಾಧವು ಕಣ್ಣಿಗೆ ಕಾಣುವುದಿಲ್ಲ. ಕ್ಷಮಾವಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವಾಗ ಮಾತಿಲ್ಲದ ಆ ಮೀನುಗಳನ್ನೂ ನೆನೆಯಬೇಕು. ಬೇಡಿದ ಕ್ಷಮೆ ನಿಜವಾಯಿತೋ ಇಲ್ಲವೋ ಎಂಬುದು ಮುಂದಿನ ಚೈತ್ರ, ವೈಶಾಖಗಳಲ್ಲಿ ಬಂಧಾರದ ನೀರನ್ನು ನೋಡಿದರೆ ತಿಳಿಯುತ್ತದೆ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಅಹಿಂಸಾ ಧರ್ಮಕ್ಕೆ ಜಯವಾಗಲಿ.

॥ ಜೈ ಜಿನೇಂದ್ರ ॥