ಮನಸ್ಸು ಒಪ್ಪದ ಪಕ್ಷವನ್ನು ವಾದಿಸಬಹುದೋ?



ಹೆಬ್ಬಾಳದಲ್ಲಿಯೂ ಅದರ ಸುತ್ತಲಿನ ಊರುಗಳಲ್ಲಿಯೂ ಪ್ರೌಢಶಾಲೆಗೆ ಹೋಗುವ ನಮ್ಮ ಸಭೆಗಳ ಮಕ್ಕಳು ಚರ್ಚಾಸ್ಪರ್ಧೆಗಳಲ್ಲಿ ಸೇರುವದುಂಟು. ಶಿಕ್ಷಣ ಇಲಾಖೆಯವರು ನಡಿಸುವ ಪ್ರತಿಭಾ ಕಾರಂಜಿಯಲ್ಲಿಯೂ ಇಂಥ ಸ್ಪರ್ಧೆ ಇರುತ್ತದೆ. ಒಂದು ವಿಷಯವನ್ನು ಗೊತ್ತುಮಾಡುವರು. ಕೆಲವರು ಅದರ ಪರವಾಗಿಯೂ ಕೆಲವರು ವಿರೋಧವಾಗಿಯೂ ಮಾತಾಡಬೇಕು. ಗಂಟೆ ಬಾರಿಸಿದ ಕೂಡಲೆ ನಿಲ್ಲಿಸಬೇಕು. ಯಾವ ಪಕ್ಷವನ್ನು ಹಿಡಿಯಬೇಕೆಂಬದು ಅನೇಕ ಸಾರಿ ಮಗುವಿನ ಇಷ್ಟಕ್ಕೆ ಬಿಟ್ಟದ್ದಲ್ಲ. ಉಪಾಧ್ಯಾಯರು ಹೇಳಿದ್ದು, ಇಲ್ಲವೆ ಚೀಟಿ ಎತ್ತಿದಾಗ ಬಂದದ್ದು. ಇದರಿಂದ ಭಕ್ತಿವಂತರಾದ ಕೆಲವು ತಂದೆತಾಯಿಗಳಲ್ಲಿ ಒಂದು ಸಂದೇಹ ಹುಟ್ಟಿದೆ. ನಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಬೇಕೆಂದು ಕರ್ತನು ಕಲಿಸಿರುವಾಗ (ಮತ್ತಾಯ 5:37), ತನ್ನ ಹೃದಯದಲ್ಲಿ ಅಲ್ಲವೆಂದು ಎಣಿಸುವದನ್ನು ವೇದಿಕೆಯ ಮೇಲೆ ಹೌದೆಂದು ಸಾಧಿಸುವ ಮಗುವು ಸುಳ್ಳಾಡಿದಂತಾಗುವದಿಲ್ಲವೋ? ಸುಳ್ಳಿಗೆ ಬಹುಮಾನ ಕೊಡುವ ಆಟಕ್ಕೆ ನಾವು ಮಕ್ಕಳನ್ನು ಕಳುಹಿಸಬಹುದೋ?

ಈ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಬಿಡುವದು ಸರಿಯಲ್ಲ. ನಾಲಿಗೆಯ ವಿಷಯವಾಗಿ ಯಾಕೋಬನ ಪತ್ರಿಕೆಯು ಕೊಟ್ಟ ಎಚ್ಚರಿಕೆಯನ್ನು ಬಲ್ಲವರು ಅದನ್ನು ಕೇಳಿಯೇ ಕೇಳುವರು. ಆದದರಿಂದ ಮೊದಲು ಸುಳ್ಳು ಅಂದರೇನೆಂದು ವಿಚಾರಿಸೋಣ. ನೆರೆಯವನನ್ನು ವಂಚಿಸಬೇಕೆಂಬ ಉದ್ದೇಶದಿಂದ, ಇಲ್ಲದ್ದನ್ನು ಉಂಟೆಂದು ಅವನು ನಂಬುವಂತೆ ಮಾಡುವದೇ ಸುಳ್ಳು. ಕ್ರಿಸ್ಮಸ್ ಹಬ್ಬದ ನಾಟಕದಲ್ಲಿ ಹೆರೋದನ ವೇಷ ಹಾಕಿದ ಹುಡುಗನು ಕ್ರೂರವಾದ ಆಜ್ಞೆಯನ್ನು ಗಟ್ಟಿಯಾಗಿ ಕೂಗಿದಾಗ ಸಭೆಯಲ್ಲಿ ಯಾರೂ ಮೋಸಹೋಗುವದಿಲ್ಲ. ಹಾಗೆಯೇ ಚರ್ಚಾಸ್ಪರ್ಧೆಯಲ್ಲಿ ಪಕ್ಷಗಳು ಹಂಚಿಕೊಟ್ಟವುಗಳೆಂದು ತೀರ್ಪುಗಾರರಿಗೂ ಕೇಳುವವರಿಗೂ ಗೊತ್ತು. ತನ್ನ ಸ್ವಂತ ನಂಬಿಕೆ ಇದೇ ಎಂದು ಆ ಮಗುವು ಯಾರಿಗೂ ಪ್ರಮಾಣಮಾಡುವದಿಲ್ಲ. ಈ ಪಕ್ಷಕ್ಕೆ ಇಂಥಿಂಥ ಕಾರಣಗಳುಂಟು, ತೂಗಿ ನೋಡಿರಿ ಎಂದು ಮಾತ್ರ ಹೇಳುತ್ತದೆ. ಇಷ್ಟರ ಮಟ್ಟಿಗೆ ಅದು ವಂಚನೆಯಲ್ಲ.

ಆದರೆ ಹೆರೋದನ ವೇಷಕ್ಕೂ ಚರ್ಚೆಗೂ ಒಂದು ಭೇದವುಂಟು. ಚರ್ಚೆಯಲ್ಲಿ ಹೇಳುವ ಲೆಕ್ಕಗಳನ್ನೂ ಸಂಗತಿಗಳನ್ನೂ ಜನರು ನಿಜವೆಂದೇ ತಿಳಿದು ಮನೆಗೆ ಒಯ್ಯುತ್ತಾರೆ. ಪಕ್ಷವು ಹಂಚಿಕೊಟ್ಟದ್ದಾಗಿರಬಹುದು, ಸಂಗತಿಯು ಹಾಗಲ್ಲ. ಈ ಭೇದವನ್ನು ಹಿಡಿದುಕೊಂಡರೆ ನಮ್ಮ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ದೊರಕುವದು.

ನಮ್ಮ ಊರಿನ ಒಂದು ದೃಷ್ಟಾಂತದಿಂದಲೇ ಇದನ್ನು ನೋಡೋಣ. ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು 2008ನೆಯ ಮೇ ತಿಂಗಳಲ್ಲಿ ತೆರೆದ ಮೇಲೆ ಬಳ್ಳಾರಿ ರಸ್ತೆಯಲ್ಲಿ ವಾಹನಗಳು ಬಹಳವಾಗಿ ಹೆಚ್ಚಿದವು. ಆ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಹೆಬ್ಬಾಳದಲ್ಲಿ ಇಕ್ಕಟ್ಟು ಉಂಟಾಯಿತು. ಇದನ್ನು ನೀಗಿಸುವದಕ್ಕಾಗಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟಬೇಕೆಂದು ಸರ್ಕಾರವು ಯೋಚಿಸಿತು. ಖರ್ಚು ಸುಮಾರು 1,800 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು 812. 2016ನೆಯ ಅಕ್ಟೋಬರ್ 16ರಂದು ಸಾವಿರಾರು ಜನರು ದಾರಿಯುದ್ದಕ್ಕೂ ಸಾಲಾಗಿ ನಿಂತು ಇದು ಬೇಡವೆಂದರು. 2017ನೆಯ ಮಾರ್ಚ್ 2ರಂದು ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು.

ಆ ಸೇತುವೆಯು ಬೇಕಾಗಿತ್ತು ಎಂಬದೇ ಈಗ ಶಾಲೆಯಲ್ಲಿ ಚರ್ಚೆಯ ವಿಷಯವಾಗಿ, ಮರಗಳನ್ನು ಪ್ರೀತಿಸುವ ಒಬ್ಬ ಬಾಲಕಿಗೆ ಅದರ ಪರವಾಗಿ ಮಾತಾಡುವ ಚೀಟಿ ಬಂತೆಂದು ಎಣಿಸೋಣ. ಅವಳು ಹೇಗೆ ಸಿದ್ಧಮಾಡಿಕೊಳ್ಳಬೇಕು? ಒಂದು ಹಾಳೆಯನ್ನು ಎರಡಾಗಿ ಮಡಿಸಿ, ಒಂದು ಕಡೆಯಲ್ಲಿ ಎದುರು ಪಕ್ಷದವರ ಕಾರಣಗಳನ್ನೇ ಮೊದಲು ಬರೆಯಲಿ: ಮರಗಳ ನಷ್ಟ, ಹಣದ ಭಾರ, ಜನರನ್ನು ಮುಂಚಿತವಾಗಿ ತಕ್ಕಷ್ಟು ಕೇಳಲಿಲ್ಲವೆಂಬ ದೂರು, ಬಸ್ಸಿನಲ್ಲಿ ಹೋಗುವ ಬಡವರಿಗಿಂತ ಕಾರಿನವರಿಗೇ ಹೆಚ್ಚು ಪ್ರಯೋಜನವೆಂಬ ವಾದ. ಬಳಿಕ ಇನ್ನೊಂದು ಕಡೆಯಲ್ಲಿ ತನ್ನ ಪಕ್ಷದ ಕಾರಣಗಳನ್ನು ಹುಡುಕಲಿ. ಹುಡುಕುವಾಗ, ತಾನು ಹಿಂದೆ ಎಣಿಸದೆ ಇದ್ದವರು ಅವಳ ಕಣ್ಣಿಗೆ ಬೀಳುವರು: ಯಲಹಂಕದಿಂದ ದಿನವೂ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವ ತಾಯಿ, ಸಾಲಿನಲ್ಲಿ ನಿಂತುಹೋದ ಆಸ್ಪತ್ರೆಯ ಗಾಡಿಯೊಳಗಿನ ರೋಗಿ. ಅವರ ಕಷ್ಟವನ್ನು ನೀಗಿಸಬೇಕೆನ್ನುವದು ಸುಳ್ಳಲ್ಲ. ಯೋಜನೆ ನಿಂತದ್ದರಿಂದ ಅವರ ಕಷ್ಟವು ಇಲ್ಲದೆ ಹೋಗಲಿಲ್ಲ. ಅವಳು ಮರಗಳನ್ನು ಪ್ರೀತಿಸುವದನ್ನು ಬಿಡಬೇಕಾಗಿಲ್ಲ. ಆದರೆ ನೆರೆಯವರಲ್ಲಿ ಇನ್ನೂ ಕೆಲವರನ್ನು ಕಂಡುಕೊಂಡಳು.

ಶೋಧನೆ ಬರುವದು ಇದಾದ ಮೇಲೆ. 812 ಎಂಬದು ತನ್ನ ಪಕ್ಷಕ್ಕೆ ತೊಡಕಾದ ಲೆಕ್ಕವೆಂದು ಕಂಡು, ಕೆಲವೇ ಮರಗಳು ಹೋಗುತ್ತಿದ್ದವು ಎಂದು ತೇಲಿಸಿ ಹೇಳಿದರೆ ಅಲ್ಲಿ ಸುಳ್ಳು ಸೇರಿತು. ಎದುರು ಪಕ್ಷದ ಹುಡುಗನು, ಆ ಸೇತುವೆಯನ್ನು ಬೇಕೆಂದವರು ಊರಲ್ಲಿ ಒಬ್ಬರೂ ಇರಲಿಲ್ಲವೆಂದು ಸಾರಿದರೆ ಅವನ ಬಾಯಲ್ಲಿಯೂ ಸುಳ್ಳು ಸೇರಿತು. ಅವನು ತನ್ನ ಹೃದಯಕ್ಕೆ ಒಪ್ಪಿದ್ದನ್ನೇ ಮಾತಾಡಿದವನಾದಾಗ್ಯೂ ತಪ್ಪಿಸಿಕೊಳ್ಳಲಾರನು. ಮೊಬೈಲ್ ಫೋನಿನಲ್ಲಿ ಸಿಕ್ಕಿದ ಭಾಷಣವನ್ನು ಪರೀಕ್ಷಿಸದೆ ಬಾಯಿಪಾಠಮಾಡಿ ತನ್ನದೆಂದು ಒಪ್ಪಿಸುವ ಮಗುವಿಗೂ ಇದೇ ನ್ಯಾಯ.

ಯೋಬನ ಗ್ರಂಥವನ್ನು ಓದುವವರಿಗೆ ಇದು ಹೊಸ ಮಾತಲ್ಲ. ಅವನ ಮೂವರು ಸ್ನೇಹಿತರು ಹಿಡಿದದ್ದು ದೇವರ ಪಕ್ಷವನ್ನೇ. ಅದಕ್ಕಿಂತ ಉತ್ತಮವಾದ ಪಕ್ಷ ಯಾವದು? ಆದರೆ ಆ ಪಕ್ಷವನ್ನು ಗೆಲ್ಲಿಸುವದಕ್ಕಾಗಿ ಅವರು ನಿರಪರಾಧಿಯ ಮೇಲೆ ಇಲ್ಲದ ಪಾಪಗಳನ್ನು ಹೊರಿಸಿದರು. ದೇವರಿಗೋಸ್ಕರ ಅನ್ಯಾಯವನ್ನು ನುಡಿಯುವಿರೋ ಎಂದು ಯೋಬನು ಅವರನ್ನು ಕೇಳಿದನು (ಯೋಬ 13:7). ಕಡೆಯಲ್ಲಿ ದೇವರ ಕೋಪವು ಉರಿದದ್ದು ಆ ಸ್ನೇಹಿತರ ಮೇಲೆಯೇ. ಒಳ್ಳೇ ಪಕ್ಷವು ಕೆಟ್ಟ ವಾದವನ್ನು ಶುದ್ಧಮಾಡುವದಿಲ್ಲವೆಂದು ಇದರಿಂದ ಕಲಿಯುತ್ತೇವೆ.

ವಾದಿಸುವ ರೀತಿಯನ್ನು ಕಲಿಸುವದಕ್ಕೆ ಅಪೊಸ್ತಲರ ಕೃತ್ಯಗಳ 24ನೆಯ ಅಧ್ಯಾಯಕ್ಕಿಂತ ಒಳ್ಳೇ ಪಾಠವನ್ನು ನಾವು ಕಾಣೆವು. ಕೈಸರೈಯದಲ್ಲಿ ದೇಶಾಧಿಪತಿಯಾದ ಫೇಲಿಕ್ಸನ ಮುಂದೆ ಇಬ್ಬರು ಮಾತಾಡಿದರು. ತೆರ್ತುಲ್ಲನೆಂಬ ವಾಕ್ಚತುರನು ಮೊದಲು ಅಧಿಪತಿಯನ್ನು ಬಹಳವಾಗಿ ಹೊಗಳಿ, ಬಳಿಕ ಪೌಲನನ್ನು ವ್ಯಾಧಿಗೆ ಹೋಲಿಸಿ ನಿಂದಿಸಿ, ರುಜುವಾತಿಲ್ಲದ ದೂರುಗಳನ್ನು ಮುಂದಿಟ್ಟನು. ಪೌಲನಾದರೋ ಸುಳ್ಳು ಹೊಗಳಿಕೆಗೆ ಇಳಿಯಲಿಲ್ಲ. ಅಧಿಪತಿಯು ಅನೇಕ ವರುಷಗಳಿಂದ ನ್ಯಾಯಾಧಿಪತಿಯಾಗಿರುವನೆಂಬ ನಿಜವನ್ನು ಮಾತ್ರ ಹೇಳಿದನು. ತಾನು ಯೆರೂಸಲೇಮಿಗೆ ಬಂದು ಹನ್ನೆರಡು ದಿನಗಳಷ್ಟೇ ಆಯಿತೆಂದು, ಯಾರಾದರೂ ವಿಚಾರಿಸಿ ತಿಳುಕೊಳ್ಳಬಹುದಾದ ಲೆಕ್ಕವನ್ನು ಕೊಟ್ಟನು. ತನ್ನ ಮೇಲಣ ಮಾತುಗಳಲ್ಲಿ ನಿಜವಾದದ್ದನ್ನು, ಅಂದರೆ ತಾನು ಆ ಮಾರ್ಗದವನೆಂಬದನ್ನು, ಬಹಿರಂಗವಾಗಿ ಒಪ್ಪಿಕೊಂಡನು. ಉಳಿದದ್ದಕ್ಕೆ ಸಾಕ್ಷಿಗಳು ಎಲ್ಲಿ ಎಂದು ಕೇಳಿದನು. ಎದುರಾಳಿಯನ್ನು ಬೈಯಲಿಲ್ಲ. ಇದಕ್ಕಿಂತ ಹೆಚ್ಚಿನ ವಿಧಿಗಳು ನಮ್ಮ ಮಕ್ಕಳಿಗೆ ಬೇಕಾಗಿಲ್ಲ.

ಇದಕ್ಕೆ ಎದುರಾಗಿ ಬಲವಾದ ಒಂದು ಆಕ್ಷೇಪವುಂಟು. ಇಂದು ಪರವಾಗಿಯೂ ನಾಳೆ ವಿರೋಧವಾಗಿಯೂ ಮಾತಾಡಿ ಕೈತಟ್ಟಿಸಿಕೊಳ್ಳುವ ಮಗುವು, ಕಡೆಗೆ ಯಾವದನ್ನೂ ನಂಬದೆ ಎಲ್ಲವನ್ನೂ ಸಾಧಿಸಬಲ್ಲ ಜಾಣನಾಗಲಾರದೋ? ಆದೀತು. ನಮ್ಮ ದೇಶದ ನ್ಯಾಯಶಾಸ್ತ್ರಿಗಳು ಪೂರ್ವದಲ್ಲಿಯೇ ಇದನ್ನು ಕಂಡಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ ಮೂರು ವಿಧವಾದ ಚರ್ಚೆಗಳನ್ನು ಹೇಳಿದೆ. ಸತ್ಯವನ್ನು ತಿಳಿಯುವದಕ್ಕಾಗಿ ಮಾಡುವದು ವಾದ. ಗೆಲ್ಲುವದಕ್ಕಾಗಿಯೇ ಮಾಡುವದು ಜಲ್ಪ. ತನ್ನದೆಂದು ಯಾವದನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವದು ಮಾತ್ರ ವಿತಂಡ. ಮೊದಲನೆಯದಾಗಿ ಆರಂಭಿಸಿದ್ದು ಮೂರನೆಯದಾಗಿ ಮುಗಿಯುವದು ಶಾಲೆಯಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಕಾಣುವ ಸಂಗತಿ. ಆದರೆ ಆ ಕೇಡಿಗೆ ಮೂಲವು ಎದುರು ಪಕ್ಷವನ್ನು ತಿಳಿದದ್ದಲ್ಲ, ಜಯದ ಮೇಲಣ ಆಶೆ. ಅದಕ್ಕೆ ಔಷಧವು ಮನೆಯಲ್ಲಿಯೇ ಇದೆ. ಮಗುವು ಹಿಂದಿರುಗಿದಾಗ ಬಹುಮಾನ ಬಂತೋ ಎಂದು ಮೊದಲು ಕೇಳದೆ, ಎದುರಿನವರು ಹೇಳಿದ್ದರಲ್ಲಿ ಬಲವಾದ ಮಾತು ಯಾವದು, ಎರಡನ್ನೂ ತೂಗಿ ನೋಡಿದ ಮೇಲೆ ನಿನ್ನ ಸ್ವಂತ ತೀರ್ಮಾನವೇನು ಎಂಬ ಎರಡು ಪ್ರಶ್ನೆಗಳನ್ನು ಕೇಳಿರಿ. ಇವುಗಳಿಗೆ ಉತ್ತರಕೊಡುವ ಅಭ್ಯಾಸವುಳ್ಳ ಮಗುವು ನಂಬಿಕೆಯಿಲ್ಲದ ಜಾಣನಾಗುವದಿಲ್ಲ.

ಒಂದು ಎಲ್ಲೆಯೂ ಉಂಟು. ಯಥಾರ್ಥರಾದ ಜನರು ಭಿನ್ನಾಭಿಪ್ರಾಯಪಡಬಹುದಾದ ವಿಷಯವೇ ಚರ್ಚೆಗೆ ತಕ್ಕದ್ದು. ಮದ್ಯವನ್ನು ಕಾನೂನಿನಿಂದ ಸಂಪೂರ್ಣವಾಗಿ ನಿಲ್ಲಿಸಬೇಕೋ ಬೇಡವೋ ಎಂಬದು ಅಂಥದು. ನಮ್ಮ ರಾಜ್ಯದಲ್ಲಿ 2007ನೆಯ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿ, ಬೇರೆ ಮದ್ಯಗಳನ್ನು ನಿಷೇಧಿಸದೆ ಬಿಟ್ಟದ್ದರಿಂದ ಈ ಪ್ರಶ್ನೆಗೆ ಎರಡು ಕಡೆಯೂ ಹೇಳಬೇಕಾದದ್ದು ಬಹಳ. ಕಾನೂನು ಸಾಲದೆಂದು ವಾದಿಸುವ ಮಗುವು ಕುಡಿತವನ್ನು ಹೊಗಳಿದ ಹಾಗಲ್ಲ. ಈ ಭೇದವನ್ನು ತಿಳಿಯದೆ ಮಗುವನ್ನು ಗದರಿಸಬೇಡಿರಿ. ಆದರೆ ಒಂದು ಕುಲವು ಇನ್ನೊಂದಕ್ಕಿಂತ ಹುಟ್ಟಿನಿಂದ ಹೀನವೋ ಎಂಬದನ್ನು ಚರ್ಚೆಗಿಟ್ಟರೆ, ಕೇಳುತ್ತಾ ಕೂತಿರುವ ಮಗುವಿನ ಮಾನವನ್ನೇ ತಕ್ಕಡಿಗೆ ಹಾಕಿದಂತಾಗುವದು. ಅಲ್ಲಿ ನಮ್ಮ ಮಕ್ಕಳು ವಿನಯವಾಗಿ ಒಲ್ಲೆನೆನ್ನಲಿ. ಅಂಕಗಳು ಹೋದರೆ ಹೋಗಲಿ.

ಕಡೆಯದಾಗಿ, ಪ್ರಿಯರೇ, ಮಕ್ಕಳ ವಿಷಯವಾಗಿ ಚಿಂತಿಸುವ ನಾವು ನಮ್ಮ ಸಭೆಗಳನ್ನೂ ನೋಡಿಕೊಳ್ಳಬೇಕು. ಸಮಿತಿಯ ಚುನಾವಣೆ, ಸಭೆಯ ಲೆಕ್ಕ, ಸ್ಮಶಾನದ ಭೂಮಿ, ಉಪದೇಶಿಯ ಮೇಲಣ ದೂರು, ಇವುಗಳಲ್ಲಿ ಯಾವದಾದರೂ ಎದ್ದಾಗ ನಾವು ಮಾಡುವದೇನು? ಆರಾಧನೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಮೊದಲು ಬಂದು ಮಾತಾಡಿದವನ ಮಾತೇ ತೀರ್ಪು. ಮೊದಲು ವಾದಿಸಿದವನು ನ್ಯಾಯವಂತನಾಗಿ ತೋರುವನು, ಇನ್ನೊಬ್ಬನು ಬಂದು ಪರೀಕ್ಷಿಸುವ ವರೆಗೆ ಮಾತ್ರ ಎಂಬ ಅರ್ಥವುಳ್ಳ ಜ್ಞಾನೋಕ್ತಿಯನ್ನು (18:17) ನಾವು ಮಕ್ಕಳಿಗೆ ಭಾನುವಾರದ ಶಾಲೆಯಲ್ಲಿ ಕಲಿಸುತ್ತೇವೆ. ಫರಿಸಾಯರ ನಡುವೆ ಒಂಟಿಯಾಗಿ, ಒಬ್ಬ ಮನುಷ್ಯನ ಮಾತನ್ನು ಕೇಳದೆ ತೀರ್ಪುಮಾಡುವದು ನಮ್ಮ ಧರ್ಮಶಾಸ್ತ್ರಕ್ಕೆ ಒಪ್ಪುವದೋ ಎಂದು ಕೇಳಿದ ನಿಕೊದೇಮನನ್ನು (ಯೋಹಾನ 7:51) ಮೆಚ್ಚುತ್ತೇವೆ. ಆದರೆ ನಮ್ಮ ಸ್ವಂತ ಕೂಟದಲ್ಲಿ ಒಬ್ಬ ನಿಕೊದೇಮನು ಎದ್ದರೆ ಅವನನ್ನು ಎದುರು ಗುಂಪಿನವನೆಂದು ಹೆಸರಿಟ್ಟು ಕೂರಿಸುತ್ತೇವೆ. ಇದರಿಂದ ಸಹೋದರರು ವರುಷಗಟ್ಟಲೆ ಒಂದೇ ಮೇಜಿನಿಂದ ಕರ್ತನ ಭೋಜನವನ್ನು ತಕ್ಕೊಳ್ಳದೆ ಹೋದ ಊರುಗಳುಂಟು.

ಆದದರಿಂದ ನಾವು ಹೇಳುವದೇನಂದರೆ, ಮಕ್ಕಳು ಶಾಲೆಯಲ್ಲಿ ಕಲಿತು ಬರುವದನ್ನು ಸಭೆಯು ಕೂಡ ಕಲಿಯಲಿ. ಇನ್ನು ಮುಂದೆ ಕೂಟದಲ್ಲಿ ವ್ಯಾಜ್ಯ ಬಂದಾಗ ಕೈ ಎತ್ತಿಸುವದಕ್ಕೆ ಮುಂಚೆ, ಒಂದೊಂದು ಪಕ್ಷದಿಂದ ಒಬ್ಬನು ಎದ್ದು, ಎದುರು ಪಕ್ಷದವರ ಕಾರಣಗಳನ್ನು ಅವರು ಹೌದು, ನಮ್ಮ ಮಾತು ಇದೇ ಎನ್ನುವ ವರೆಗೆ ನ್ಯಾಯವಾಗಿ ಹೇಳಲಿ. ಬಳಿಕ ತನ್ನದನ್ನು ಹೇಳಲಿ. ಹಾಗೆ ಮಾಡುವದಕ್ಕೆ ದೊಡ್ಡವರಿಗೆ ಬಾರದಿದ್ದರೆ, ಚೀಟಿಯಿಂದ ಬಂದ ಪಕ್ಷವನ್ನು ಪ್ರಾಮಾಣಿಕವಾಗಿ ವಾದಿಸಿ ಬಂದ ಪ್ರೌಢಶಾಲೆಯ ಮಗುವನ್ನು ಮುಂದೆ ಕೂರಿಸಿ ಕೇಳಿಕೊಳ್ಳಲಿ. ಪ್ರೀತಿಯಿಂದ ಸತ್ಯವನ್ನು ಅನುಸರಿಸಿ ಬೆಳೆಯುವ ಕೃಪೆಯನ್ನು ಕರ್ತನು ನಮ್ಮ ಮಕ್ಕಳಿಗೂ ನಮಗೂ ದಯಪಾಲಿಸಲಿ.