ರಸ್ತೆಯ ಹಕ್ಕೂ ಸವಾರನ ಹೊಣೆಯೂ

ರಸ್ತೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡವರ ಮನೆಗೆ ಹೋದಾಗ ನಾವೆಲ್ಲರೂ ಆಡುವ ಮಾತು ಒಂದೇ: ‘ಅಲ್ಲಾಹನು ಬರೆದದ್ದು ಆಯಿತು, ಸಬ್ರ್ ಮಾಡಿರಿ.’ ಈ ಮಾತು ಸತ್ಯವಾದುದು. ಆಯುಷ್ಯದ ಅವಧಿ ಅಲ್ಲಾಹನ ಬಳಿ ನಿಶ್ಚಿತವಾಗಿದೆಯೆಂಬುದು ನಮ್ಮ ಈಮಾನಿನ ಭಾಗ. ನೊಂದ ಹೃದಯಗಳಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇರೊಂದಿಲ್ಲ. ಆದರೆ ಅದೇ ಮಾತು ಮಯ್ಯತ್ತಿನ ಮನೆಯಿಂದ ಹೊರಬಂದು ಬೈಕ್ ಏರಿದಾಗ ಅದರ ಅರ್ಥವೇ ಬದಲಾಗಿಬಿಡುತ್ತದೆ. ಹೆಲ್ಮೆಟ್ ಯಾಕೆ ಹಾಕಿಲ್ಲವೆಂದು ಯುವಕನನ್ನು ಕೇಳಿದರೆ, ‘ಮೌತ್ ಬರುವುದಿದ್ದರೆ ಹೆಲ್ಮೆಟ್ ತಡೆಯುತ್ತದೆಯೇ?’ ಎಂದು ನಮ್ಮನ್ನೇ ಮರುಪ್ರಶ್ನಿಸುತ್ತಾನೆ. ಮೊದಲನೆಯದು ತಕ್ದೀರಿನಲ್ಲಿರುವ ವಿಶ್ವಾಸ. ಎರಡನೆಯದು ತಕ್ದೀರಿನ ಹೆಸರಿನಲ್ಲಿ ನಡೆಯುವ ಬೇಜವಾಬ್ದಾರಿ. ಇವೆರಡರ ನಡುವಿನ ಅಂತರವನ್ನು ತಿಳಿಯುವುದು ಇಂದು ನಮ್ಮ ಪ್ರತಿಯೊಂದು ಮನೆಗೂ ಅಗತ್ಯವಾಗಿದೆ.

ಹಝ್ರತ್ ಉಮರ್(ರ) ತಮ್ಮ ಖಿಲಾಫತಿನ ಕಾಲದಲ್ಲಿ ಶಾಮ್ ದೇಶಕ್ಕೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಅವರು ಸಹಾಬಿಗಳೊಡನೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಅವರು ಉತ್ತರಿಸಿದರು. ಕಣಿವೆಯ ಒಂದು ಮಗ್ಗುಲು ಹಸಿರಾಗಿ, ಇನ್ನೊಂದು ಬರಡಾಗಿದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದೂ ವಿವರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆ ಬಂದಿದೆ. ಬುದ್ಧಿವಂತನಾದ ಕುರುಬನು ಹಸಿರಿನ ಕಡೆಗೆ ಒಂಟೆಯನ್ನು ನಡೆಸುತ್ತಾನೆ. ಬ್ರೇಕ್ ಒತ್ತುವುದೂ ವಿಧಿಯೇ, ಒತ್ತದಿರುವುದೂ ವಿಧಿಯೇ. ಆದರೆ ಯಾವುದನ್ನು ಆರಿಸಿಕೊಂಡೆ ಎಂಬ ಪ್ರಶ್ನೆ ನಾಳೆ ಪರಲೋಕದಲ್ಲಿ ನಮಗೆ ಬರಲಿದೆ.

ನಮ್ಮ ಕೈಯಲ್ಲಿಲ್ಲದ ಸಂಗತಿಗಳೂ ರಸ್ತೆಯಲ್ಲಿವೆ ಎಂಬುದು ನಿಜ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಮೇಲ್ಸೇತುವೆ ಕಾಮಗಾರಿಯ ಸ್ಥಳದಿಂದ ಕಬ್ಬಿಣದ ಸರಳು ತಲೆಯ ಮೇಲೆ ಬಿದ್ದು, ಬೈಕಿನಲ್ಲಿ ಹೋಗುತ್ತಿದ್ದ ಪೊಲೀಸ್ ಅಧಿಕಾರಿಯೊಬ್ಬರು ಕೆಲವು ದಿನಗಳ ನಂತರ ತೀರಿಕೊಂಡರು. ಸವಾರನು ಎಷ್ಟೇ ಎಚ್ಚರದಿಂದಿದ್ದರೂ ಇಂಥದ್ದನ್ನು ಊಹಿಸಲಾರ. ಇಲ್ಲಿ ನಾವು ‘ಇನ್ನಾ ಲಿಲ್ಲಾಹಿ’ ಎನ್ನುತ್ತೇವೆ. ಆದರೂ ಮನುಷ್ಯರ ಹೊಣೆ ಇಲ್ಲವಾಗುವುದಿಲ್ಲ. ಅದು ಸವಾರನ ಮೇಲಿಂದ ಬೇರೆಯವರ ಮೇಲೆ ಹೋಗುತ್ತದೆ, ಅಷ್ಟೆ.

ಅರಿಯದೆ ಮಾಡಿದ್ದಕ್ಕೂ ಉತ್ತರವಿದೆ

‘ನಾನೇನು ಬೇಕೆಂದು ಗುದ್ದಿದೆನೇ?’ ಎಂಬುದು ಅಪಘಾತ ಮಾಡಿದವನ ಮೊದಲ ಸಮರ್ಥನೆ. ಪವಿತ್ರ ಕುರ್‌ಆನ್ ಈ ಸಮರ್ಥನೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಸೂರಃ ಅನ್ನಿಸಾದ 92ನೆಯ ಆಯತಿನಲ್ಲಿ ಅರಿಯದೆ, ತಪ್ಪಿನಿಂದ ಒಬ್ಬನ ಪ್ರಾಣ ಹೋದರೆ ಏನು ಮಾಡಬೇಕೆಂಬ ವಿಧಿಯಿದೆ. ಮೃತನ ಮನೆಯವರಿಗೆ ದಿಯತ್, ಅಂದರೆ ಪರಿಹಾರಧನ ಸಲ್ಲಬೇಕು. ಅವರಾಗಿಯೇ ಮನ್ನಾ ಮಾಡಿದರೆ ಅದು ಬೇರೆ. ಅದರ ಜೊತೆಗೆ ಅಲ್ಲಾಹನ ಮುಂದೆ ಕಫ್ಫಾರಾ: ಒಬ್ಬ ವಿಶ್ವಾಸಿ ಗುಲಾಮನ ಬಿಡುಗಡೆ, ಅದು ಸಾಧ್ಯವಾಗದವನಿಗೆ ಸತತ ಎರಡು ತಿಂಗಳ ಉಪವಾಸ. ಯೋಚಿಸಿ ನೋಡಿ. ಉದ್ದೇಶವಿಲ್ಲದೆ ನಡೆದ ಸಾವಿಗೆ ಅರವತ್ತು ದಿನ ಎಡೆಬಿಡದೆ ಹಸಿದಿರಬೇಕು. ಒಂದು ಕ್ಷಣದ ಅಲಕ್ಷ್ಯವನ್ನು ಶರೀಅತ್ ಎಷ್ಟು ಭಾರವಾಗಿ ತೂಗುತ್ತದೆಂಬುದಕ್ಕೆ ಬೇರೆ ಪುರಾವೆ ಬೇಕೇ?

ಈ ವಿಷಯವನ್ನು ನಮ್ಮ ಕಾಲದ ಉಲಮಾಗಳೂ ಸ್ಪಷ್ಟಪಡಿಸಿದ್ದಾರೆ. 1993ರ ಜೂನ್ ತಿಂಗಳಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ವಾಹನ ಅಪಘಾತಗಳ ಬಗ್ಗೆ ಒಂದು ನಿರ್ಣಯ ಕೈಗೊಂಡಿತು. ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯವೆಂದೂ, ಇತರರ ದೇಹಕ್ಕೂ ಸೊತ್ತಿಗೂ ಆಗುವ ಹಾನಿಗೆ ಚಾಲಕನು ಹೊಣೆಯೆಂದೂ ಅದು ಹೇಳಿತು. ತಡೆಯಲಾಗದ ಆಪತ್ತು, ಹಾನಿಗೊಳಗಾದವನದೇ ತಪ್ಪು ಅಥವಾ ಮೂರನೆಯವನ ತಪ್ಪು ಇದ್ದಲ್ಲಿ ಮಾತ್ರ ರಿಯಾಯಿತಿ. ಆದ್ದರಿಂದ ಕೆಂಪು ದೀಪ ಹಾರಿಸುವುದು ಪೊಲೀಸರಿಗೂ ನಮಗೂ ನಡುವಿನ ವ್ಯವಹಾರ ಮಾತ್ರವಲ್ಲ, ಅಲ್ಲಾಹನಿಗೂ ನಮಗೂ ನಡುವಿನ ವ್ಯವಹಾರವೂ ಹೌದು.

ಗಮನವೆಂಬ ಅಮಾನತು

ನಮ್ಮ ಅವಳಿನಗರದ ಬದುಕು ದ್ವಿಚಕ್ರದ ಮೇಲೆ ನಿಂತಿದೆ. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕೆಲಸ. ಅಲ್ಲಿ ಕಾಲೇಜು, ಇಲ್ಲಿ ಅಂಗಡಿ. ನಡುವೆ ಇಪ್ಪತ್ತು ಕಿಲೋಮೀಟರ್ ದಾರಿ. ಭಾರತ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಹಿಂದಿನ ಸೀಟಿನಲ್ಲಿದ್ದವರು. ಇವು ಬರೀ ಅಂಕಿಗಳಲ್ಲ. ಒಂದೊಂದು ಅಂಕಿಯ ಹಿಂದೆಯೂ ಇದ್ದತ್ ಕುಳಿತ ಹೆಣ್ಣುಮಗಳೋ, ಯತೀಮ್ ಆದ ಮಗುವೋ ಇದೆ.

ಬೈಕಿನಲ್ಲಿ ಸವಾರನನ್ನು ಕಾಯುವ ಗೋಡೆಗಳಿಲ್ಲ. ಅವನ ಮೊದಲ ರಕ್ಷಣೆ ಅವನ ಗಮನ. ನಮಾಝಿನಲ್ಲಿ ಖುಶೂಅ್ ಇರಬೇಕೆಂದು, ಅಂದರೆ ದೇಹ ನಿಂತಲ್ಲಿಯೇ ಮನಸ್ಸೂ ನಿಲ್ಲಬೇಕೆಂದು ನಾವು ಕಲಿತಿದ್ದೇವೆ. ದಿನಕ್ಕೆ ಐದು ಸಲ ಈ ಅಭ್ಯಾಸ ಮಾಡುವವನ ಮನಸ್ಸು ರಸ್ತೆಯಲ್ಲಿ ಮಾತ್ರ ಹತ್ತು ಕಡೆ ಅಲೆಯುವುದೇಕೆ? ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಯಾರ ಮೆಸೇಜ್ ಬಂತೆಂದು ಮೂರು ಸೆಕೆಂಡ್ ಮೊಬೈಲ್ ನೋಡಿದರೆ ನಾವು 40 ಮೀಟರಿಗಿಂತ ಹೆಚ್ಚು ದೂರವನ್ನು ಕುರುಡರಾಗಿ ಕ್ರಮಿಸಿದಂತೆ. ಶಾ ಬಜಾರಿನಂತಹ ಸಂದಣಿಯಲ್ಲಿ ಒಂದು ಮಗು ಓಡಿಬರಲು ಅದರ ಕಾಲು ಭಾಗವೂ ಸಾಕು. ಹೆಲ್ಮೆಟಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಕತ್ತು ವಾಲಿಸಿ ಮಾತಾಡುತ್ತಾ ಹೋಗುವ ಸಹೋದರನು ಕಣ್ಣು ತೆರೆದಿದ್ದರೂ ನೋಡುತ್ತಿಲ್ಲ. ಇಲ್ಲಿ ಮನೆಯವರಿಗೂ ಒಂದು ಮಾತಿದೆ. ಮಗ ಹೊರಟ ಹತ್ತು ನಿಮಿಷಕ್ಕೆ ‘ಎಲ್ಲಿದ್ದೀ ಬೇಟಾ?’ ಎಂದು ಫೋನು ಮಾಡಬೇಡಿ. ನಿಮ್ಮ ಮಮತೆಯೇ ಅವನ ಕೈಯನ್ನು ಹ್ಯಾಂಡಲಿನಿಂದ ಎತ್ತಿಸುತ್ತದೆ.

ಗಮನದ ಎರಡನೆಯ ಶತ್ರು ಅವಸರ. ಇಕಾಮತ್ ಕೇಳಿಸಿದಾಗಲೂ ನಮಾಝಿಗೆ ಓಡೋಡಿ ಬರಬಾರದು, ಶಾಂತವಾಗಿ ನಡೆದು ಬರಬೇಕು, ಸಿಕ್ಕಿದಷ್ಟನ್ನು ಜಮಾಅತಿನೊಡನೆ ನಿರ್ವಹಿಸಿ ತಪ್ಪಿದ್ದನ್ನು ಪೂರ್ತಿ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಜ್ಜಿನ ದಿನ ಅರಫಾದಿಂದ ಹೊರಡುವಾಗ ಹಿಂದಿನಿಂದ ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿಸಿದಾಗ, ಪುಣ್ಯವು ವೇಗದಲ್ಲಿಲ್ಲವೆಂದು ಜನರಿಗೆ ತಿಳಿಸಿ ಶಾಂತರಾಗಿರಲು ಸೂಚಿಸಿದರು. ಅಲ್ಲಾಹನ ಕರೆಗೇ ಓಡಬಾರದೆಂದಾದರೆ ಅಂಗಡಿಯ ಬೀಗ ತೆಗೆಯಲು ಪ್ರಾಣ ಪಣಕ್ಕಿಟ್ಟು ಓಡುವುದು ಯಾವ ನ್ಯಾಯ? ಶುಕ್ರವಾರ ಖುತ್ಬಾ ತಪ್ಪೀತೆಂದು ಹಳೇ ಹುಬ್ಬಳ್ಳಿಯ ಗಲ್ಲಿಗಳಲ್ಲಿ ಹಾರ್ನ್ ಒತ್ತುತ್ತಾ ನುಗ್ಗುವವರು, ಐದು ನಿಮಿಷ ಮೊದಲೇ ಮನೆ ಬಿಟ್ಟಿದ್ದರೆ ಎರಡೂ ಪುಣ್ಯಗಳು ದೊರೆಯುತ್ತಿದ್ದವು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಲ್ಲಿಯೂ ನಿಲ್ಲದೆ 40ರ ವೇಗದಲ್ಲಿ ಹೋದರೆ ಅರ್ಧ ಗಂಟೆ, 60ರ ವೇಗದಲ್ಲಿ ಹೋದರೆ ಇಪ್ಪತ್ತು ನಿಮಿಷ. ಸಿಗ್ನಲ್‌ಗಳಲ್ಲಿ ನಿಂತು ಹೋಗುವವನಿಗೆ ಆ ಹತ್ತು ನಿಮಿಷವೂ ಉಳಿಯುವುದಿಲ್ಲ. ಅದೇ ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಲಾಭ ಚಿಕ್ಕದು, ನಷ್ಟ ದೊಡ್ಡದು. ಇಂಥ ವ್ಯಾಪಾರವನ್ನು ನಮ್ಮ ದುರ್ಗದಬೈಲಿನ ಯಾವ ವ್ಯಾಪಾರಿಯೂ ಮಾಡಲಾರ.

ಇತರರ ತಪ್ಪಿಗೂ ಜಾಗ ಬಿಡಿ

ಜಾಣ ಸವಾರನು ತನ್ನ ತಪ್ಪನ್ನು ಮಾತ್ರವಲ್ಲ, ಎದುರಿನವನ ತಪ್ಪನ್ನೂ ಲೆಕ್ಕದಲ್ಲಿಟ್ಟು ಸಾಗುತ್ತಾನೆ. ಮುಂದಿನ ಟಂಟಂ ಕೈ ತೋರಿಸಿದ ಯಾರಿಗೋ ಥಟ್ಟನೆ ನಿಂತೀತು. ನಿಂತಿರುವ ಕಾರಿನ ಬಾಗಿಲು ತೆರೆದೀತು. ಗಲ್ಲಿಯಿಂದ ದನವೋ ಸೈಕಲ್ಲೋ ಬಂದೀತು. ಇಂಡಿಕೇಟರ್ ಹಾಕದೆಯೇ ಯಾರಾದರೂ ತಿರುಗಿಯಾರು. ಹೀಗೆ ಮೊದಲೇ ಎಣಿಸಿಕೊಂಡವನ ಕೈ ಬ್ರೇಕಿನ ಹತ್ತಿರವೇ ಇರುತ್ತದೆ. ಸಂಶಯ ಪಡುವುದನ್ನು ಇಸ್ಲಾಮ್ ನಿಷೇಧಿಸಿಲ್ಲವೇ ಎಂದು ಕೆಲವರು ಕೇಳಬಹುದು. ಇದು ಯಾರ ನಿಯ್ಯತ್ತಿನ ಮೇಲೆಯೂ ಸಂಶಯವಲ್ಲ. ಮನುಷ್ಯನು ತಪ್ಪುವವನೆಂದು ತಿಳಿದು, ಆ ತಪ್ಪು ನಡೆಯುವ ಮೊದಲೇ ಅದಕ್ಕೆ ಜಾಗ ಬಿಟ್ಟುಕೊಡುವ ಔದಾರ್ಯ. ಜಾಗ ಬಿಟ್ಟವನು ಇಬ್ಬರನ್ನೂ ಉಳಿಸುತ್ತಾನೆ, ತನ್ನನ್ನೂ ತಪ್ಪಿದವನನ್ನೂ.

ಆಚರಣೆಗೆ ಕೆಲವು ಮಾತುಗಳು. ಮುಂದಿನ ವಾಹನವು ಒಂದು ಕಂಬವನ್ನು ದಾಟಿದ ಮೇಲೆ ನೀವು ಅಲ್ಲಿಗೆ ತಲುಪಲು ಕನಿಷ್ಠ ಎರಡು ಸೆಕೆಂಡಾದರೂ ಬೇಕಾಗುವಷ್ಟು ಅಂತರವಿರಲಿ. ಮಳೆಯಲ್ಲಿ ಅದು ಇಮ್ಮಡಿಯಾಗಲಿ. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು, ಎರೆಮಣ್ಣು ಕಲೆತು ಜಾರುತ್ತದೆ. ಆಗ ನಿಧಾನವೇ ವಿವೇಕ. ಲಾರಿ, ಬಸ್ಸುಗಳ ಪಕ್ಕಕ್ಕೆ ಅಂಟಿಕೊಂಡು ಹೋಗಬೇಡಿ. ಅವರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲವೆಂದೇ ತಿಳಿಯಿರಿ. ರಸ್ತೆಯ ನಡುವೆ 2018ರಿಂದ ಚಿಗರಿ ಬಸ್ಸುಗಳಿಗಾಗಿ ಪ್ರತ್ಯೇಕ ದಾರಿಯಿದೆ. ಖಾಲಿಯಿದೆಯೆಂದು ಅದರೊಳಗೆ ಬೈಕ್ ನುಗ್ಗಿಸುವವನು ಇತರರ ಹಕ್ಕನ್ನು ಕಸಿಯುತ್ತಾನೆ, ಜೊತೆಗೆ ವೇಗವಾಗಿ ಬರುವ ದೊಡ್ಡ ವಾಹನದ ಮುಂದೆ ತನ್ನನ್ನೇ ಒಡ್ಡುತ್ತಾನೆ. ಕೈಯಾರೆ ನಾಶಕ್ಕೆ ಬೀಳಬಾರದೆಂಬ ಸೂರಃ ಅಲ್‌ಬಕರಃದ ತಾಕೀತು ಇಲ್ಲಿ ನೆನಪಾಗಬೇಕು.

ಬೈಪಾಸಿನ ಪಾಠವನ್ನಂತೂ ನಾವು ಮರೆಯಬಾರದು. 2021ರ ಜನವರಿ 15ರ ಬೆಳಿಗ್ಗೆ ಧಾರವಾಡದ ಹತ್ತಿರ ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನವೂ ಟಿಪ್ಪರೂ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಇಡೀ ನಾಡು ಮರುಗಿತು. ದೊಡ್ಡ ವಾಹನದಲ್ಲಿದ್ದವರಿಗೇ ಈ ಗತಿಯಾದರೆ, ಎದುರಿನಿಂದ ಬರುವುದನ್ನು ಪೂರ್ತಿ ನೋಡದೆ ಓವರ್‌ಟೇಕ್ ಮಾಡುವ ಬೈಕ್ ಸವಾರನಿಗೆ ಏನು ಉಳಿಯುತ್ತದೆ?

ಮನೆಯಿಂದಲೇ ಆರಂಭ

ಹದಿನಾಲ್ಕು, ಹದಿನೈದರ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು, ‘ನಮ್ಮವ ಎಷ್ಟು ಚೆನ್ನಾಗಿ ಓಡಿಸುತ್ತಾನೆ ನೋಡಿ’ ಎಂದು ಹೆಮ್ಮೆ ಪಡುವ ತಂದೆಯರು ನಮ್ಮಲ್ಲಿ ಕಡಿಮೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಇದು ದುನಿಯಾದ ಲೆಕ್ಕ. ಪ್ರತಿಯೊಬ್ಬನೂ ಕುರುಬನಂತೆ, ತನ್ನ ಮಂದೆಯ ಬಗ್ಗೆ ವಿಚಾರಣೆಗೆ ಒಳಗಾಗುವನೆಂಬ ಪ್ರವಾದಿ(ಸ)ಯವರ ಬೋಧನೆಯಂತೆ ಆಖಿರತ್ತಿನ ಲೆಕ್ಕ ಬೇರೆಯೇ ಇದೆ. ಮಗನಿಗೆ ಸಲೀಕೆಯ ನಡಿಗೆಯನ್ನು ಕಲಿಸಿದ ಹಝ್ರತ್ ಲುಕ್ಮಾನರ ಉಪದೇಶವನ್ನು ಅಲ್ಲಾಹನು ಕುರ್‌ಆನಿನಲ್ಲಿ ಉಳಿಸಿದ್ದಾನೆ. ಇಂದಿನ ತಂದೆಗೆ ಮಗನ ಸವಾರಿಯೂ ಅದೇ ಪಾಠದ ಮುಂದುವರಿಕೆ.

ಸಹೋದರಿಯರ ಗಮನಕ್ಕೂ ಒಂದೆರಡು ಮಾತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಹಿಜಾಬಿನ ಮೇಲೆ ಹೆಲ್ಮೆಟ್ ಧರಿಸಲು ಶರೀಅತ್ತಿನ ಯಾವ ಅಡ್ಡಿಯೂ ಇಲ್ಲ. ಬುರ್ಖಾದ ಅಂಚು, ದುಪಟ್ಟಾದ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕು ಎಳೆದುಹಾಕಿದ ಪ್ರಸಂಗಗಳು ಅನೇಕ. ಕುಳಿತ ಕೂಡಲೇ ಅಂಚನ್ನು ಮಡಚಿ ಒಳಗೆ ಸೇರಿಸಿಕೊಳ್ಳಿ, ಚಕ್ರಕ್ಕೆ ಜಾಲರಿ ಹಾಕಿಸಿ. ಇಡೀ ಕುಟುಂಬವನ್ನು ಒಂದೇ ಬೈಕಿನಲ್ಲಿ ತುಂಬಿಕೊಂಡು ಶಾದಿಗೆ ಹೊರಡುವ ಬದಲು, ಆ ಒಂದು ದಿನ ಆಟೋದ ಬಾಡಿಗೆ ಕೊಡುವುದು ಖರ್ಚಲ್ಲ.

ರಸ್ತೆಯ ಬದಿ ಕುಳಿತುಕೊಳ್ಳುವವರಿಗೇ ಪ್ರವಾದಿ(ಸ) ರಸ್ತೆಯ ಹಕ್ಕುಗಳನ್ನು ಎಣಿಸಿ ಕೊಟ್ಟಿದ್ದಾರೆ. ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು. ದಾರಿಯ ಮುಳ್ಳನ್ನು ತೆಗೆಯುವುದು ಈಮಾನಿನ ಒಂದು ಶಾಖೆಯಾಗಿರುವಾಗ, ಜುಮಾದ ಹೊತ್ತಿನಲ್ಲಿ ಮಸೀದಿಯ ಮುಂದೆ ಅಡ್ಡಾದಿಡ್ಡಿ ಬೈಕ್ ನಿಲ್ಲಿಸಿ ಹೋಗುವವನು ತಾನೇ ಮುಳ್ಳಾಗುತ್ತಾನಲ್ಲವೇ? ಆ ದಾರಿಯಲ್ಲಿ ಆಸ್ಪತ್ರೆಗೆ ಹೊರಟ ರೋಗಿಯಿರಬಹುದು. ಅವರು ಯಾವ ಧರ್ಮದವರಾದರೂ ಅವರ ಹಕ್ಕು ನಮ್ಮ ಮೇಲಿದೆ.

ಇನ್ನು, ರಸ್ತೆಯಲ್ಲಿ ಬಿದ್ದವನನ್ನು ಕಂಡು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾ ನಿಲ್ಲಬೇಡಿ. ಕೇಸಿನ ಭಯವೂ ಬೇಡ. 2019ರ ತಿದ್ದುಪಡಿಯಂತೆ ಸದುದ್ದೇಶದಿಂದ ಸಹಾಯ ಮಾಡಿದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 108ಕ್ಕೆ ಕರೆ ಮಾಡಿ, ಹಿಂದಿನಿಂದ ಬರುವ ವಾಹನಗಳನ್ನು ತಡೆಯಿರಿ. ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದವನಿಗೆ ಸಮಾನನೆಂದು ಸೂರಃ ಅಲ್‌ಮಾಇದಃ ನಮಗೆ ತಿಳಿಸಿದೆ.

ಪ್ರಿಯ ಸಹೋದರ, ಸಹೋದರಿಯರೇ, ವಾಹನವೇರಿದಾಗ ಓದುವ ದುಆ ಸೂರಃ ಅಝ್ಝುಖ್ರುಫ್‌ನಲ್ಲಿದೆ. ಈ ಸವಾರಿಯನ್ನು ನಮ್ಮ ವಶಕ್ಕೆ ಕೊಟ್ಟವನು ಅಲ್ಲಾಹನು, ನಮಗೆ ಅದರ ಶಕ್ತಿಯಿರಲಿಲ್ಲ, ಕೊನೆಗೆ ನಾವು ಮರಳಬೇಕಾದುದು ಅವನ ಕಡೆಗೇ ಎಂಬುದು ಅದರ ಸಾರ. ಸವಾರಿಯ ಆರಂಭದಲ್ಲಿಯೇ ಮರಳಿಕೆಯ ನೆನಪು! ಕಿಕ್ ಹೊಡೆಯುವ ಮೊದಲು ಇದನ್ನು ಅರ್ಥ ತಿಳಿದು ಓದಿ, ಹೆಲ್ಮೆಟಿನ ಪಟ್ಟಿ ಬಿಗಿದು ಹೊರಟವನು ತವಕ್ಕುಲಿನ ಎರಡೂ ಭಾಗಗಳನ್ನು ಪೂರೈಸಿದ. ಒಂಟೆಯನ್ನು ಕಟ್ಟಿದ, ಅನಂತರ ಅಲ್ಲಾಹನಿಗೆ ಒಪ್ಪಿಸಿದ.

ನಮ್ಮ ಕೈಯಿಂದ ಯಾವ ತಾಯಿಯ ಮಡಿಲೂ ಬರಿದಾಗದಂತೆ, ನಮ್ಮ ಅಲಕ್ಷ್ಯಕ್ಕೆ ತಕ್ದೀರಿನ ಹೆಸರಿಡದಂತೆ ಅಲ್ಲಾಹನು ನಮಗೆಲ್ಲರಿಗೂ ಸದ್ಬುದ್ಧಿಯನ್ನು ಕರುಣಿಸಲಿ. ಮನೆ ಬಿಟ್ಟು ಹೊರಟ ಪ್ರತಿಯೊಬ್ಬರನ್ನೂ ಕ್ಷೇಮವಾಗಿ ಮನೆಗೆ ತಲುಪಿಸಲಿ. ಆಮೀನ್.